ಎಂಟು ಗಂಟೆಯ ಜೋಡಿ

ಇವಳೇ,

ಬೆಳಗಿನ ಪಾಳಿಗೆ ಹೊರಟೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ.

ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ಫ್ರಿಜ್ ಮೇಲಿದೆ. ತಿಂಡಿಯಾದ ಮೇಲೆ ನುಂಗು. ಆರು ವರ್ಷ ಇದನ್ನೇ ಹೇಳಿ ನಾನು ಗಂಟಲು ಹರಿದುಕೊಂಡೆ, ನೀನು ಮಾತ್ರೆಗಳನ್ನು ಗುಲಾಬಿ ಕುಂಡದಲ್ಲಿ ಹೂತೆ. ಈಗ ಆಸ್ಪತ್ರೆಯ ನರ್ಸಮ್ಮ ಇಬ್ಬಿಬ್ಬರು ರೋಗಿಗಳನ್ನು ಜೋಡಿ ಮಾಡಿ, ದಿನಾ ಫೋನಿನಲ್ಲಿ ಒಬ್ಬರಿಗೊಬ್ಬರು ನೆನಪಿಸಿ ಎಂದದ್ದೇ ತಡ, ಎಂಟು ಹೊಡೆಯುವ ಮುಂಚೆಯೇ ಲೋಟ ಹಿಡಿದು ನಿನ್ನ ಜೋಡಿಯಾದ ಆ ವಾಚ್ ರಿಪೇರಿಯವನ ಫೋನಿಗೆ ಕಾಯುತ್ತೀಯ. ರಜೆಯ ದಿನ ನಾನೇ ಕೇಳಿದ್ದೇನೆ. "ಒಂದು, ಎರಡು, ಮೂರು, ನುಂಗಿ ಮೇಡಂ" ಅಂತಾನೆ. ನೀನು ನಗುತ್ತೀಯ. ಮಾತ್ರೆ ನುಂಗುವುದರಲ್ಲಿ ನಗುವಂಥದ್ದೇನಿದೆ?

ನಿನ್ನ ಸಕ್ಕರೆ ಇಳಿದಿದೆ, ಒಪ್ಪಿದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ.

ಕುರ್ಚಿಯ ಮೇಲಿನ ಅಂಗಿ ಒಗೆಯಲು ಹಾಕು. ಜೇಬಿನಲ್ಲಿ ರಕ್ತಪರೀಕ್ಷೆಯ ಕಾಗದವಿದೆ, ಗಾಬರಿಯಾಗಬೇಡ, ಅದು ನನ್ನದು. ನನಗೂ ಸಕ್ಕರೆ ಇದ್ದರೆ ನಿನಗೆ ಜೋಡಿಯಾಗಿ ನನ್ನನ್ನೇ ಹಾಕಿ ಎಂದು ಕೇಳೋಣವೆಂದು ಮೊನ್ನೆ ಮಾಡಿಸಿದೆ.

"ನಿಮಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀರಿ" ಅಂದಳು ನರ್ಸಮ್ಮ, ಆ ಕಾಗದ ನೋಡಿ.

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅಷ್ಟು ಬೇಜಾರು ನನಗೆ ಈಚೆಗೆ ಆಗಿರಲಿಲ್ಲ.