ಎಡಗೈಯ ಬ್ಲಾಕರ್

ನವೆಂಬರ್ 9, ಭಾನುವಾರ

ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯೋಣ ಅಂದಾಗಲೆಲ್ಲ ಏನೋ ಅಡ್ಡ ಬಂತು ಅಂದರೆ ಅರ್ಧ ನಿಜ. ನಿಮ್ಮ ಮಗಳ ಸುದ್ದಿಯನ್ನು ನಿಮಗೇ ನಾನು ಹೇಗೆ ಬರೆಯಲಿ ಅನ್ನುವ ಮುಜುಗರ ಇನ್ನರ್ಧ. ತಪ್ಪು ತಿಳಿಯಬೇಡಿ. ಗುಬ್ಬಿ ಚೆನ್ನಾಗಿದ್ದಾಳೆ, ಕೆಮ್ಮು ಪೂರ್ತಿ ಹೋಗಿದೆ. ಇವರೂ ಆರಾಮಾಗಿದ್ದಾರೆ.

ಗುಬ್ಬಿಯ ಐಸ್ ಹಾಕಿ ಹೇಗೆ ನಡೀತಿದೆ ಅಂತ ಕೇಳಿದ್ದಿರಿ. ಶಾಲೆಯ ತಂಡಕ್ಕೆ ಈಗ ಅವಳೇ ಗೋಲ್‌ಕೀಪರ್. ಅಷ್ಟೂ ಕವಚ ಹೊತ್ತು ಐಸ್ ಮೇಲೆ ನಿಂತರೆ ನಮ್ಮ ಗುಬ್ಬಿ ಹೋಗಿ ಬೀರು ಆಗಿರುತ್ತಾಳೆ. ಆದರೆ ಈಚೆಗೆ ಕೋಲಿನ ಕಡೆಗೆ ಬಂದ ಹೊಡೆತಗಳೆಲ್ಲ ಗೋಲಾಗುತ್ತಿದ್ದವು. ಶಾಲೆಯ ಬ್ಲಾಕರ್ ಸವೆದಿದೆ, ಹೊಸದು ಕೊಡಿಸಿ ಅಂದರು ಕೋಚ್. ಬ್ಲಾಕರ್ ಅಂದರೆ ಕೋಲು ಹಿಡಿಯುವ ಕೈಗೆ ಹಾಕುವ ಗ್ಲೌಸು. ಹೊರಮೈಗೆ ಗಟ್ಟಿ ಹಲಗೆಯಂಥದ್ದು ಇರುತ್ತೆ. ಪಕ್ಕು, ಅಂದರೆ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ, ಅದಕ್ಕೆ ಬಡಿದು ಆಚೆ ಹೋಗಬೇಕು.

ನಿನ್ನೆ ಅಂಗಡಿಗೆ ಕರಕೊಂಡು ಹೋದೆ. ಬೆಳೆಯೋ ಕೈ ಅಂತ ನಾನು ದೊಡ್ಡದನ್ನೇ ಎತ್ತಿಕೊಂಡೆ. ಅಂಗಡಿಯಾಕೆ ಬೇಡ ಅಂದರು. ಒಳಗೆ ಕೈ ಜಾರಿದರೆ ಹಲಗೆ ತಿರುಗಿ ಪಕ್ಕು ಬೆರಳಿಗೇ ಬೀಳುತ್ತಂತೆ. ಒಂದೊಂದನ್ನೂ ಹಾಕಿಸಿ, ಕೋಲು ಹಿಡಿಸಿ ನೋಡಿದರು. ಒಂದರಲ್ಲಿ ಬೆರಳು ತುದಿಗೆ ಒತ್ತುತ್ತಿತ್ತು, ಇನ್ನೊಂದರಲ್ಲಿ ಮಣಿಕಟ್ಟು ಆಡಲೇ ಇಲ್ಲ. ಕೊನೆಗೊಂದು ಅಳತೆಗೆ ಸರಿಹೋಯಿತು, ಆದರೂ ಕೈ ಮರಗಟ್ಟಿದ ಹಾಗೇ ಇತ್ತು. ಆಕೆಗೆ ಏನನ್ನಿಸಿತೋ, ಎಲ್ಲ ಬಿಚ್ಚಿಸಿ ಒಂದು ಚೆಂಡು ಎಸೆದರು. ಗುಬ್ಬಿ ಬಲಗೈಯಲ್ಲಿ ಹಿಡಿದಳು, ಎಡಗೈಯಲ್ಲಿ ವಾಪಸ್ ಎಸೆದಳು.

"ನೀನು ಎಡಚಿ ಅಲ್ವಾ? ಮತ್ಯಾಕಮ್ಮ ಕೋಲು ಬಲಗೈಲಿ ಹಿಡೀತೀಯ?"

ಗುಬ್ಬಿ ನೆಲ ನೋಡಿದಳು. ನನಗೆ ಗೊತ್ತಿತ್ತು ಅಕ್ಕ. ನೀವೂ ಇವರೂ ಬೇರೆಯಾದ ವರ್ಷದಿಂದ ಬರೆಯೋದು, ಹಲ್ಲುಜ್ಜೋದು ಎಲ್ಲ ಬಲಗೈಲೇ ಅಂತ ಇವರು ಹೇಳಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ. ಅವಳನ್ನು ಬಿಟ್ಟರೆ ಆ ಮನೆಯಲ್ಲಿ ಎಡಗೈಯವರು ನೀವೊಬ್ಬರೇ ಇದ್ದಿರಿ.

ಆಕೆ ಒಳಗಿನಿಂದ ಎಡಗೈಯ ಬ್ಲಾಕರನ್ನೂ ಅದಕ್ಕೆ ಹೊಂದುವ ಕೋಲನ್ನೂ ತಂದರು. ಗುಬ್ಬಿ ಕೈ ಚಾಚಲಿಲ್ಲ. ಹಾಕಿ ನೋಡು, ನಿನಗೆ ಬೇಡ ಅಂದರೆ ಬಲಗೈಯದ್ದನ್ನೇ ತಗೊಳ್ಳೋಣ ಅಂದೆ. ತುಂಬ ಹೊತ್ತು ನಿಂತು, ಆಮೇಲೆ ಕೈ ತೂರಿಸಿದಳು. ಪಟ್ಟಿ ನಾನೇ ಬಿಗಿದೆ. ಈ ಸಲ ಎಸೆದ ಚೆಂಡು ಹಲಗೆಗೆ ಬಡಿದು ಶೂ ಡಬ್ಬಗಳ ಮೇಲೆ ಹಾರಿತು.

"ಇದೇ ಇರಲಿ ಚಿಕ್ಕಮ್ಮ," ಅಂದಳು.

ಇವತ್ತು ಬೆಳಿಗ್ಗೆ ಅಭ್ಯಾಸದಲ್ಲಿ ತಡವರಿಸಿದಳು, ಗೋಲುಗಳೂ ಹೋದವು. ಆದರೆ ಬಲಗೈಯದ್ದೇ ಬೇಕು ಅಂತ ಅವಳು ಅನ್ನಲಿಲ್ಲ. ಬರುವ ಶನಿವಾರ ಸಂಜೆ ಪಂದ್ಯ ಇದೆ. ನೀವು ಬರಬೇಕು. ಇವರ ಹತ್ತಿರ ಮಾತಾಡಿದ್ದೇನೆ, ಬರಲಿ ಅಂದರು.

ಆರೋಗ್ಯ ನೋಡಿಕೊಳ್ಳಿ. ನಿಮ್ಮ ಹರಕೆ ಮಗುವಿನ ಮೇಲಿರಲಿ, ಒಂದಿಷ್ಟು ನನ್ನ ಮೇಲೂ.

ಗುಬ್ಬಿಯ ಚಿಕ್ಕಮ್ಮ

ಮರೆತ ಮಾತು: ಮರೆತಿದ್ದಲ್ಲ, ಬರೆಯಲಾರದೆ ಬಿಟ್ಟಿದ್ದೆ. ಅಂಗಡಿಯಾಕೆ, ನಿಮ್ಮಮ್ಮನೂ ಎಡಚಿಯಾ ಅಂತ ಕೇಳಿದ್ದರು. ಹೌದು, ಅಮ್ಮ ತೀರಿಕೊಂಡಿದ್ದಾಳೆ ಅಂದಳು ಗುಬ್ಬಿ. ಬಸ್ಸಿನಲ್ಲಿ ಕೇಳಿದೆ, ಯಾಕೆ ಹಾಗಂದೆ ಅಂತ. ಕಿಟಕಿ ಕಡೆ ಮುಖ ಮಾಡಿಕೊಂಡು, "ಹಾಗಂದ್ರೆ ಅಮ್ಮ ಯಾಕೆ ಬರಲ್ಲ ಅಂತ ಯಾರೂ ಕೇಳಲ್ಲ," ಅಂದಳು. ಮನೆ ಬರೋವರೆಗೂ ಅತ್ತಳು.

ಅವಳಾಗಿ ಕರೆದರೆ ಬರ್ತೀನಿ ಅಂತ ನೀವು ಬರೆದಿದ್ದೀರಿ. ಅವಳು ಕರೆಯೋದಿಲ್ಲ ಅಕ್ಕ. ಕರೆಯದಿದ್ದರೂ ಬನ್ನಿ.