ಬೂಟ್ ಸಾಲಿನ ಬಾಲ

ಜೂನ್ 10, ಸೋಮವಾರ

ಮತ್ತೆ ಅದೇ. ಪೆಟ್ಟಿಗೆ ಆನ್ ಆಗುತ್ತದೆ, ಪರದೆಯ ಮೇಲೆ ನಾಲ್ಕು ಸಾಲು ಉದುರಿಸುತ್ತದೆ, ಡಿಸ್ಕ್ ಸಿಗಲಿಲ್ಲವೆಂದು ಮುಷ್ಕರ ಹೂಡುತ್ತದೆ. ಲಸಿಕೆ ಫ್ರಿಜ್‌ಗಳ ತಂಪು ಕಾಯುವ ಪುಟ್ಟ ಕಂಪ್ಯೂಟರ್‌ಗಳು ಇವು. ಕಳೆದ ವಾರದವರೆಗೆ ಚೆನ್ನಾಗಿಯೇ ಇದ್ದವು. ಶುಕ್ರವಾರ ಇವು ಇಲ್ಲಿನ ಎಂಬಕಸಿ ನಿಲ್ದಾಣದಿಂದ ವಿಮಾನ ಹತ್ತಬೇಕು.

ಮ್ಯಾನೇಜರ್ ಶ್ರೀನಿವಾಸಮೂರ್ತಿ ಕರೆದರು. "ನೋಡಿ ವಿಭಾ, ಹಾರ್ಡ್‌ವೇರೇ ಸರಿಯಿಲ್ಲ ಅನ್ಸತ್ತೆ. ಶುಕ್ರವಾರಕ್ಕೆ ಆಗ್ಲಿಲ್ಲ ಅಂದ್ರೆ ಪ್ರಾಜೆಕ್ಟ್ ಬೆಂಗಳೂರಿಗೆ ವಾಪಸ್. ನೀವೂ."

ನಾನೂ! ಬೆಂಗಳೂರು ಬಿಟ್ಟು ಈ ದೇಶಕ್ಕೆ ಬಂದು ವರ್ಷವಾಗಿಲ್ಲ. ಮಗಳು ಅಪೇಕ್ಷಾಗೆ ಈಗಷ್ಟೇ ಗೆಳತಿಯರು ಸಿಕ್ಕಿದ್ದಾರೆ. ನನಗೂ ಈ ಊರು ಇಷ್ಟ. ಹೋಗುವುದಿಲ್ಲ, ಅಷ್ಟೇ.

ಜೂನ್ 11, ಮಂಗಳವಾರ

ಸಿಕ್ಕಿಬಿದ್ದ ಕಳ್ಳ! ಪೆಟ್ಟಿಗೆಯ ಮೂಲ ತಂತ್ರಾಂಶ ಕರ್ನಲ್ ಏಳುವಾಗ ಅದಕ್ಕೆ ಒಂದು ಉದ್ದ ಸಾಲಿನಲ್ಲಿ ಆದೇಶ ಕೊಡುತ್ತೇವೆ. ಮೂರ್ತಿಯವರ ರೂಲ್ — ಹೊಸದನ್ನು ಸಾಲಿನ ತಲೆಗೆ ಸೇರಿಸಿ, ಹಳೆಯದನ್ನು ಮುಟ್ಟಬೇಡಿ. ಎಲ್ಲರೂ ಸೇರಿಸಿದ್ದೇ ಸೇರಿಸಿದ್ದು. ಕರ್ನಲ್ ಓದುವುದು 512 ಅಕ್ಷರ ಮಾತ್ರ. ಮಿಕ್ಕಿದ್ದು ಸದ್ದಿಲ್ಲದೆ ಕಟ್. ಬಾಲದಲ್ಲಿದ್ದದ್ದು ಡಿಸ್ಕ್‌ನ ಹೆಸರು! ತುಂಬಿದ ಮಟಾಟು ವ್ಯಾನಿಗೆ ಇನ್ನಿಬ್ಬರನ್ನು ತುರುಕಿದರೆ ಬಾಗಿಲಲ್ಲಿ ನೇತಾಡುವವನ ಗತಿ ಏನು? ಡಿಸ್ಕನ್ನು ಮುಂದಕ್ಕೆ ತಂದರೆ ಇನ್ನೊಂದು ಬೀಳುತ್ತದೆ. ಎಲ್ಲವೂ ಬೇಕು.

ಕರ್ನಲ್ ಸೆಟ್ಟಿಂಗ್‌ನಲ್ಲಿ ಮಿತಿಯನ್ನು 2048 ಮಾಡಿದೆ. ಎಲ್ಲವನ್ನೂ ಹೊಸದಾಗಿ ಬಿಲ್ಡ್ ಮಾಡಲು ಹಾಕಿ ಚಹಾ ಕುಡಿದೆ. ಆನ್ ಮಾಡಿದೆ.

ಅದೇ ಮುಷ್ಕರ...

ಜೂನ್ 13, ಗುರುವಾರ

ನಿನ್ನೆ ಬರೆಯಲಿಲ್ಲ. ದಿನವಿಡೀ ಪೆಟ್ಟಿಗೆಯನ್ನು ಬೈದದ್ದೇ ಆಯಿತು.

ಇವತ್ತು ಪಕ್ಕದ ಟೇಬಲ್ಲಿನ ಅಚಿಯೆಂಗ್ ಇಣುಕಿದಳು. ಕರ್ನಲ್‌ಗೆ ಆ ಸಾಲನ್ನು ತಂದುಕೊಡುವವರು ಯಾರು ಎಂದು ಕೇಳಿದಳು. ಕರ್ನಲನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಬೂಟ್‌ಲೋಡರ್! ಅದಕ್ಕೂ ತನ್ನದೇ 512ರ ಮಿತಿ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ. ಅದನ್ನೂ ಹಿಗ್ಗಿಸಿದೆ. ಆನ್...

ಎದ್ದಿತು! ಅಚಿಯೆಂಗ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಅಸಾಂಟೆ, ಅಸಾಂಟೆ ಎಂದು ಇಲ್ಲಿನ ಮಾತಲ್ಲೇ ಥ್ಯಾಂಕ್ಸ್ ಹೇಳುತ್ತಲೇ ಇದ್ದೆ. ಮೂರ್ತಿಯವರು ಬಂದು ಪರದೆ ನೋಡಿದರು.

"ಹಂಗಾದ್ರೆ ಇದು ನನ್ನ ರೂಲಿನ ಘನಕಾರ್ಯ ಅನ್ನಿ."

ಬೆರಳಿಟ್ಟು ಸಾಲಿನ ಬಾಲ ತೋರಿಸಿದೆ. ಅವರೇ ನಕ್ಕುಬಿಟ್ಟರು.

ಜೂನ್ 14, ಶುಕ್ರವಾರ ಸಂಜೆ

ಪೆಟ್ಟಿಗೆಗಳೆಲ್ಲ ಹೊರಟವು. ಈಗಷ್ಟೇ ಮೂರ್ತಿಯವರ ಫೋನ್. "ಇನ್ನೆರಡು ವರ್ಷ ಇಲ್ಲೇ ಇರಿ ವಿಭಾ. ಬೆಂಗಳೂರಿಗೆ ಹೇಳಾಯ್ತು."

ಎಷ್ಟು ಖುಷಿ ಎಂದರೆ, ಕಣ್ಣಲ್ಲಿ ನೀರು. ಅಪೇಕ್ಷಾಗೆ ಹೇಳಿದೆ.

"ಪ್ರಾಮಿಸ್?"

"ಪ್ರಾಮಿಸ್ ಕಣೇ."

ಒಂದೇ ಓಟ. ಮೆಟ್ಟಿಲಿನುದ್ದಕ್ಕೂ "ವಿ ಆರ್ ಸ್ಟೇಯಿಂಗ್! ವಿ ಆರ್ ಸ್ಟೇಯಿಂಗ್!" ನಮ್ಮ ಸೌತ್ ಬಿ ಬಡಾವಣೆಗೆಲ್ಲ ಕೇಳಿಸಿರಬೇಕು. ಕೆಳಗೆ ಅವಳ ಗೆಳತಿಯರ ಕೇಕೆ, ಚಪ್ಪಾಳೆ. ಈಗ ನನ್ನನ್ನೂ ಕರೆಯುತ್ತಿದ್ದಾರೆ — ಬಂದೆ, ಬಂದೆ, ಈ ಚಪ್ಪಲಿ ಎಲ್ಲಿ ಹೋ...