ಕೊನೆಯ ಬೋಗಿ

ಗುರುವಾರ, ೧೪ ಜೂನ್ ೧೯೯೦
ಕರಾಂಗ್ ಕ್ರೀಕ್

ಡಲ್ಸಿ ಇಂದು ಬಂದಳು, ಇಳಿಯಲಿಲ್ಲ.

ನಮ್ಮ ನಿಲ್ದಾಣದ ಕೊನೆಯ ಸ್ಟೇಷನ್ ಮಾಸ್ಟರರ ಮಗಳು ಆಕೆ. ನಾನು ಇಲ್ಲಿನ ಶಾಲೆಯ ಮೇಷ್ಟ್ರಾಗಿದ್ದ ಆ ಕಾಲದಲ್ಲಿ ದಿನಕ್ಕೆ ಆರು ಗಾಡಿಗಳಿದ್ದವು. ಹಾಲಿನ ಕ್ಯಾನುಗಳ ನಡುವೆ ನಿಂತು ಟಿಕೆಟು ಕೊಡುತ್ತಿದ್ದಳು. ಈಗ ಎರಡೇ ಗಾಡಿ. ಪ್ಲಾಟ್‌ಫಾರ್ಮನ್ನೂ ಒಂದು ಬೋಗಿಯ ಉದ್ದಕ್ಕೆ ಕತ್ತರಿಸಿದ್ದಾರೆ. ಇಳಿಯುವವರು ಕೊನೆಯ ಬೋಗಿಯಲ್ಲಿಯೇ ಇರಬೇಕು. ಒಮ್ಮೆ ಬಂದು ಹೋಗು ಎಂದು ಆಕೆಗೆ ಬರೆದ ಮೂರು ಪುಟಗಳ ಪತ್ರದಲ್ಲಿ ಇದೊಂದನ್ನು ನಾನು ತಿಳಿಸಲಿಲ್ಲ.

ಹಳೆಯ ರೂಢಿಯಂತೆ ಆಕೆ ಮೊದಲ ಬೋಗಿಯಲ್ಲಿ ಕುಳಿತಿದ್ದಳು. ಇಪ್ಪತ್ತೆಂಟು ವರ್ಷಗಳ ಅನಂತರ ಕಂಡ ಆ ಮುಖ ಗಾಜಿನಾಚೆ ನನ್ನೆದುರೇ ಹಾದುಹೋಯಿತು.

ಮುಂದಿನ ಊರಿನಿಂದ ಫೋನು ಮಾಡಿದಳು. “ಏನ್ರೀ ಮೇಷ್ಟ್ರೇ, ನಮ್ಮಪ್ಪನ ಸ್ಟೇಷನ್ನಲ್ಲೇ ನನಗೆ ಕಾಲಿಡೋಕೆ ಜಾಗ ಇಲ್ವಾ?”

“ತಪ್ಪು ನಂದೇ, ಡಲ್ಸಿ. ಬೆಳಗಿನ ಗಾಡೀಲಿ ವಾಪಸ್ ಬಾ.”

“ಅದರಲ್ಲೇ ಬರ್ತೀನಿ, ಆದ್ರೆ ಇಳಿಯೋ ಹಾಗಿಲ್ಲ. ನಾಳೆ ಸಂಜೆ ಸಿಡ್ನಿಯಿಂದ ನನ್ನ ವಿಮಾನ. ಪ್ಲಾಟ್‌ಫಾರ್ಮಲ್ಲಿ ನಿಂತಿರಿ, ನೋಡ್ಕೊಂಡು ಹೋಗ್ತೀನಿ.”

ಸಿಡ್ನಿಗೆ ಹೋಗುವ ಬೆಳಗಿನ ಗಾಡಿ ಇಲ್ಲಿ ಯಾರಾದರೂ ಕೈ ತೋರಿಸಿದರೆ ಮಾತ್ರ ನಿಲ್ಲುತ್ತದೆ. ಕೈ ತೋರಿಸಿದವನು ಹತ್ತಲೇಬೇಕೆಂಬುದು ನಿಯಮ. ನಿಯಮ ಮೀರಿದವನಲ್ಲ ನಾನು. ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿದ್ದೇನೆ. ಸಿಡ್ನಿಗೆ ಎಷ್ಟು ಅಂಗಿಗಳು ಬೇಕಾಗುತ್ತವೆಯೋ, ಅಥವಾ ಸಿಡ್ನಿಯ ಆಚೆಗೂ ಬೇಕಾಗುತ್ತವೆಯೋ, ಗೊತ್ತಿಲ್ಲ.